ಶಿಕ್ಷಣ ಯಾರ ವಿಷಯ, ಸಚಿವರೇ?

ಮಾನ್ಯ ಕೇಂದ್ರ ಶಿಕ್ಷಣ ಸಚಿವರಿಗೆ,

ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾ, ನಿಲಂಗಾ, ಉದ್ಗೀರ್ ಸೀಮೆಯ ಕನ್ನಡ ಮನೆಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಕನ್ನಡ ಕಲಿಸಿ ಎಂಬ ಬೇಡಿಕೆ ಹಳೆಯದು. ಅರ್ಜಿಗಳು ತಾಲ್ಲೂಕು, ಜಿಲ್ಲೆ ದಾಟಿ ದೆಹಲಿ ತಲುಪಿದ ಮೇಲೆ ಅಲ್ಲಿನ ಕಚೇರಿಯೊಂದು ಕೊಟ್ಟ ಉತ್ತರ ಇಷ್ಟೇ: ಶಿಕ್ಷಣ ರಾಜ್ಯದ ವಿಷಯ. ಈ ಪತ್ರಕ್ಕೆ ಆ ಉತ್ತರವೇ ಕಾರಣ.

ಆ ಮಾತು ಈಗ ಕಾನೂನಿನಲ್ಲೂ ನಿಜವಲ್ಲ. ಸಂವಿಧಾನದ 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಆದರೆ ನಮ್ಮ ಹಕ್ಕು ಅದಕ್ಕಿಂತ ಹಳೆಯದು. 1956ರಲ್ಲಿ ಬೀದರ್ ಜಿಲ್ಲೆಯ ನಿಲಂಗಾ, ಉದ್ಗೀರ್ ತಾಲ್ಲೂಕುಗಳನ್ನು ಆಗಿನ ಮುಂಬೈ ರಾಜ್ಯಕ್ಕೆ ಸೇರಿಸಿದ್ದು ಸಂಸತ್ತಿನ ಕಾಯ್ದೆ. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯ ಜೊತೆಗೇ ಹೋಯಿತು. ಗೆರೆ ಎಳೆದದ್ದು ದೆಹಲಿ. ಗೆರೆಯಾಚೆ ಉಳಿದವರ ಗತಿಯೇನೆಂದು ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ಯೋಚಿಸಿತ್ತು. 1956ರಲ್ಲೇ ಸಂವಿಧಾನದ 7ನೇ ತಿದ್ದುಪಡಿಯಿಂದ 350ಎ ವಿಧಿ ಬಂತು. ಅದರಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಪ್ರತಿ ರಾಜ್ಯ, ಪ್ರತಿ ಸ್ಥಳೀಯ ಸಂಸ್ಥೆ ಶ್ರಮಿಸಬೇಕು. ಅದಕ್ಕೆ ಅಗತ್ಯವೆನಿಸಿದರೆ ರಾಷ್ಟ್ರಪತಿಯವರು ಯಾವ ರಾಜ್ಯಕ್ಕಾದರೂ ನಿರ್ದೇಶನ ಕೊಡಬಹುದು. ರಾಷ್ಟ್ರಪತಿಯವರಿಗೆ ಸಲಹೆ ಕೊಡುವುದು ನಿಮ್ಮ ಸಂಪುಟವೇ ಅಲ್ಲವೇ?

ಮಕ್ಕಳ ಸಂಖ್ಯೆ ಕಡಿಮೆ ಎನ್ನುವವರಿದ್ದಾರೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಸಾಕೆಂದು 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಸಚಿವರು ಒಪ್ಪಿದ್ದರು. ಎಣಿಸಿ, ಆಮೇಲೆ ಮಾತಾಡಿ. ಪುಸ್ತಕವಿಲ್ಲ ಎನ್ನುವಂತೆಯೂ ಇಲ್ಲ. ಪುಣೆಯ ಸರಕಾರಿ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ, ಮಹಾರಾಷ್ಟ್ರದ್ದೇ ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳು ನಡೆಯುತ್ತಿವೆ. ಇದು ಮಹಾರಾಷ್ಟ್ರ–ಕರ್ನಾಟಕ ಗಡಿ ತಗಾದೆಗೆ ಹಿಂಬಾಗಿಲು ಎಂಬ ಅನುಮಾನ ಇನ್ನೊಂದು. ಆ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅಲ್ಲೇ ಇರಲಿ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡದ್ದಕ್ಕೆ ನಾವು ಲಾತೂರನ್ನು ಕೇಳುತ್ತಿಲ್ಲ.

ತೂಕದ ಆಕ್ಷೇಪ ಒಂದಿದೆ. ಬೆಂಗಳೂರಿನಲ್ಲಿ ರಾಜ್ಯದ ಸ್ವಾಯತ್ತತೆ ಕೇಳುವ ಕನ್ನಡಿಗರು ಇಲ್ಲಿ ದೆಹಲಿಯ ಕೈ ಹಿಡಿಯುವುದು ಸರಿಯೇ? ಸರಿ. ಬಹುಸಂಖ್ಯಾತರ ಭಾಷೆಯ ಸರಕಾರ ಅಲ್ಪಸಂಖ್ಯಾತರನ್ನು ಮರೆಯಬಹುದೆಂದೇ ಸಂವಿಧಾನ ಈ ಒಂದು ಅಧಿಕಾರವನ್ನು ರಾಜ್ಯದ ಹೊರಗೆ ಇಟ್ಟಿತು. ಬೆಳಗಾವಿಯ ಮರಾಠಿ ಮಕ್ಕಳ ಪಾಲಿಗೂ ಇದೇ ವಿಧಿ, ಕರ್ನಾಟಕಕ್ಕೂ ಇದೇ ನಿರ್ದೇಶನ ಹೋಗಲಿ.

ಮನಸ್ಸಾದಾಗ ನಿಮ್ಮ ಕೈ ರಾಜ್ಯಗಳವರೆಗೂ ಚಾಚುತ್ತದೆ. ಕೇಂದ್ರದ ಪಿಎಂ ಶ್ರೀ ಶಾಲಾ ಯೋಜನೆಗೆ ಸಹಿ ಹಾಕದ ತಮಿಳುನಾಡಿಗೆ ಸಮಗ್ರ ಶಿಕ್ಷಣ ಯೋಜನೆಯ ಹಣ ತಡೆಹಿಡಿದಾಗ ಶಿಕ್ಷಣ ರಾಜ್ಯದ ವಿಷಯ ಎಂದು ಯಾರಿಗೂ ನೆನಪಾಗಲಿಲ್ಲ. 2025ರಲ್ಲಿ ಒಂದನೇ ತರಗತಿಗೆ ಹಿಂದಿ ಬೇಕೇ ಎಂದು ಮಹಾರಾಷ್ಟ್ರವಿಡೀ ಜಗಳವಾಡಿತು, ಕೊನೆಗೆ ಜೂನ್ 29ರಂದು ಹಿಂದಿ ಕಲಿಸುವ ಸರಕಾರಿ ಆದೇಶ ರದ್ದಾಯಿತು. ಆ ಗದ್ದಲದಲ್ಲಿ ಗಡಿಯ ಕನ್ನಡದ ಕೂಸು ಯಾರ ಕಣ್ಣಿಗೂ ಬೀಳಲಿಲ್ಲ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳು ಸಂಸತ್ತಿಗೆ ಹೋಗುತ್ತವೆ, ಆದರೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇರುವವರು ನೀವು, ಜಾರಿಕೊಳ್ಳುತ್ತಿರುವವರೂ ನೀವೇ.

350ಎ ಅಡಿ ಮಹಾರಾಷ್ಟ್ರಕ್ಕೆ ನಿರ್ದೇಶನ ಹೋಗುವಂತೆ ಸಂಪುಟದ ಮುಂದೆ ಪ್ರಸ್ತಾಪ ಇಡಿ. ಇಡುವುದಿಲ್ಲವಾದರೆ, ಏಕೆಂದು ಸಂಸತ್ತಿನಲ್ಲಿ ನಿಮ್ಮ ಬಾಯಿಂದಲೇ ಹೇಳಿ.

ಉಮರ್ಗಾ ಸೀಮೆಯ ಸಾಸ್ತೂರದ ಒಬ್ಬ ಕನ್ನಡಿಗ