ಕೂಸು ಬೆಚ್ಚುವುದೇಕೆ?

ತೊಟ್ಟಿಲಿಗೆ ಇಳಿಸುವಾಗ ತಲೆ ತುಸು ಹಿಂದಕ್ಕೆ ಜಾರಿದರೆ ಸಾಕು, ಹಸುಗೂಸು ಬೆಚ್ಚಿ ತೋಳುಗಳೆರಡನ್ನೂ ಚಾಚಿ, ಮತ್ತೆ ಎದೆಯತ್ತ ಸೆಳೆದುಕೊಂಡು ಅಳುತ್ತದೆ. ದೃಷ್ಟಿ ತಾಕಿತೆಂದು ಹಿರಿಯರು ನಿವಾಳಿಸುವುದುಂಟು. ನಿಜವಾಗಿ ಇದು, ಒಳಕಿವಿಯ ಸಮತೋಲನಾಂಗವು ಬೀಳುವಿಕೆಯನ್ನು ಗ್ರಹಿಸಿದೊಡನೆ ಮಿದುಳಿನ ಕಾಂಡದ ಮೂಲಕ ತಾನಾಗಿ ನಡೆಯುವ ಪರಾವರ್ತಿತ ಪ್ರತಿಕ್ರಿಯೆ. 1918ರಲ್ಲಿ ಇದನ್ನು ವಿವರಿಸಿದ ಮಕ್ಕಳ ವೈದ್ಯ ಅರ್ನ್‌ಸ್ಟ್ ಮೋರೋ ಅವರ ಹೆಸರೇ ಇದಕ್ಕೆ ಉಳಿದಿದೆ. ಸಾಮಾನ್ಯವಾಗಿ 4ರಿಂದ 6 ತಿಂಗಳೊಳಗೆ ಇದು ಮರೆಯಾಗುತ್ತದೆ.

ನಿವಾಳಿಸುವುದಕ್ಕೆ ನಾವು ಅಡ್ಡಿ ಬರುವುದಿಲ್ಲ. ಅಷ್ಟಕ್ಕೇ ತೃಪ್ತರಾಗುವುದನ್ನು ಒಪ್ಪಲಾರೆವು. ಬೆಚ್ಚಿದಾಗ ಒಂದು ತೋಳು ಮಾತ್ರ ಏಳದಿದ್ದರೆ, ಹೆರಿಗೆಯ ವೇಳೆ ತೋಳಿನ ನರಗಳಿಗೋ ಕೊರಳೆಲುಬಿಗೋ ಪೆಟ್ಟಾಗಿರಬಹುದು. ಪರೀಕ್ಷಿಸಲೆಂದು ಕೂಸನ್ನು ಬೆಚ್ಚಿಸಬೇಕಾಗಿಲ್ಲ. ತಾನಾಗಿ ಬೆಚ್ಚಿದಾಗ ಗಮನಿಸಿ, ಸಂದೇಹ ಬಂದರೆ ವೈದ್ಯರಿಗೆ ತೋರಿಸಬೇಕು. ಮನೆಯವರಿಗೆ ಇದನ್ನು ತಿಳಿಸುವ ಹೊಣೆ ಓದುತ್ತಿರುವ ತರುಣರದು.