ಕರಾವಳಿಯ ಉಗಿಹಡಗುಗಳ ದಾಖಲೆ ರಕ್ಷಣೆಗಾಗಿ ಮನವಿ ಪತ್ರ

ಇವರಿಗೆ,
ನಿರ್ದೇಶಕರು,
ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಬೆಂಗಳೂರು.

ವಿಷಯ: ಮಂಗಳೂರು, ಕಾರವಾರ ಹಾಗೂ ನಡುವಣ ಬಂದರುಗಳಿಗೆ ಬರುತ್ತಿದ್ದ ಉಗಿಹಡಗುಗಳ ದಾಖಲೆಗಳನ್ನು ಒಂದೆಡೆ ಸೇರಿಸಿ ಸಾರ್ವಜನಿಕರಿಗೆ ಒದಗಿಸುವ ಕುರಿತು.

ಮಾನ್ಯರೇ,

ಕಲ್ಲಿದ್ದಲು ಉರಿಸಿ ಬಾಯ್ಲರಿನಲ್ಲಿ ಎಬ್ಬಿಸಿದ ಉಗಿಯ ಒತ್ತಡದಿಂದ ಸಾಗುತ್ತಿದ್ದ, ಕರಾವಳಿಯ ಜನ ಆಗಬೋಟು ಎಂದು ಕರೆದ ಹಡಗುಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹಲವು ದಶಕಗಳ ಕಾಲ ಮುಂಬಯಿಗೂ ಈ ತೀರಕ್ಕೂ ನಡುವೆ ಜನರನ್ನೂ ಸರಕನ್ನೂ ಹೊತ್ತು ತಿರುಗಿದವು. ರೈಲು ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ, ಅದೂ ಮದರಾಸಿನ ಕಡೆಯಿಂದ. ತೀರದುದ್ದಕ್ಕೂ ಮುಂಬಯಿಗೆ ಹೋಗುವ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಹೀಗಾಗಿ ಹೋಟೆಲು, ಗಿರಣಿಗಳ ದುಡಿಮೆಗೆ ಮುಂಬಯಿ ಸೇರಿದ ಹಳೆಯ ತಲೆಮಾರಿನ ಅನೇಕರು ಕಡಲ ದಾರಿಯಲ್ಲೇ ಹೋದವರು. ಮಂಗಳೂರಿನ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಬಾಯಿ, ಮರಳು ತುಂಬಿ ಆಳವಿಲ್ಲದ್ದಾಗಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕುತ್ತಿದ್ದವು, ಪ್ರಯಾಣಿಕರೂ ಹಂಚು ಕಾಫಿಗಳ ಹೊರೆಗಳೂ ದೋಣಿ ಮಂಜಿಗಳಲ್ಲಿ ಅಲ್ಲಿಗೆ ಸಾಗಬೇಕಿತ್ತು, ಮಳೆಗಾಲದಲ್ಲಿ ಸಂಚಾರವೇ ನಿಲ್ಲುತ್ತಿತ್ತು.

ಇಷ್ಟು ವ್ಯಾಪಕವಾದ ಸಂಚಾರದ ದಾಖಲೆ ಒಂದೆಡೆ ಇಲ್ಲದಿರುವುದಕ್ಕೆ ಮುಖ್ಯ ಕಾರಣ ಆಡಳಿತದ ವಿಭಜನೆ. 1860ರಲ್ಲಿ ಕೆನರಾ ಜಿಲ್ಲೆ ಇಬ್ಭಾಗವಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಹೊರಗೆ ಕಳುಹಿಸುವ ಉದ್ದೇಶ ಬಲಗೊಂಡಂತೆ 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆಲ ಒಂದಾದರೂ ಕಾಗದಗಳು ಒಂದಾಗಲಿಲ್ಲ. ಇಂದಿಗೂ ಕಾರವಾರದ ಬಂದರನ್ನು ಅರಿಯಬಯಸುವ ಸಂಶೋಧಕ ಮುಂಬಯಿಯಲ್ಲಿಯೂ ಮಂಗಳೂರಿನದನ್ನು ಅರಿಯಬಯಸುವವನು ಚೆನ್ನೈಯಲ್ಲಿಯೂ ಪ್ರಾಂತ್ಯಕಾಲದ ಕಡತಗಳನ್ನು ಹುಡುಕಬೇಕಾಗಿದೆ. ಇನ್ನು ಸಾಮಾನ್ಯ ಪ್ರಯಾಣಿಕರ ಅನುಭವವಂತೂ ಸರ್ಕಾರಿ ಕಡತಗಳಲ್ಲಿ ಸಿಗುವುದು ವಿರಳ. 1883ರಲ್ಲಿ ಕಾರವಾರದಿಂದ ಮರಳುವಾಗ ಹಡಗಿನ ಡೆಕ್ಕಿನ ಮೇಲೆ ಕುಳಿತು ಹಾಡು ಕಟ್ಟಿದ್ದನ್ನು ರವೀಂದ್ರನಾಥ ಠಾಕೂರರು ತಾವೇ ಬರೆದಿಟ್ಟರು. ಅಂಥದೇ ಡೆಕ್ಕಿನಲ್ಲಿ ಚಾಪೆ ಹಾಸಿ ಮಲಗಿದ ಹೋಟೆಲು ಹುಡುಗರಿಗೆ ಆ ಅನುಕೂಲವಿರಲಿಲ್ಲ.

ಆದುದರಿಂದ ಇಲಾಖೆಯು ತಮಿಳುನಾಡು ಹಾಗೂ ಮಹಾರಾಷ್ಟ್ರದ ಪತ್ರಾಗಾರಗಳೊಂದಿಗೆ ಒಪ್ಪಂದ ಮಾಡಿಕೊಂಡು, ಕೆನರಾ ಬಂದರುಗಳಿಗೆ ಸಂಬಂಧಿಸಿದ ಆಡಳಿತ ವರದಿ, ಸುಂಕದ ಲೆಕ್ಕ ಮತ್ತು ನಕ್ಷೆಗಳ ಡಿಜಿಟಲ್ ಪ್ರತಿಗಳನ್ನು ತರಿಸಿ ಕನ್ನಡದಲ್ಲಿ ಸೂಚಿ ಸಿದ್ಧಪಡಿಸಬೇಕು. ರಾಜ್ಯದ ಬಂದರು ಕಚೇರಿಗಳಲ್ಲಿರುವ ಹಳೆಯ ರಿಜಿಸ್ಟರುಗಳನ್ನು ಇಲಾಖೆಯ ಪರಿಶೀಲನೆಯಿಲ್ಲದೆ ವಿಲೇವಾರಿ ಮಾಡದಂತೆ ಆದೇಶ ಹೊರಡಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕು.

ಎಲ್ಲಕ್ಕಿಂತ ತುರ್ತಿನ ಕೆಲಸವೆಂದರೆ ಬಾಯಿಮಾತಿನ ದಾಖಲೀಕರಣ. ಹಡಗಿನಲ್ಲಿ ಪ್ರಯಾಣಿಸಿದವರು, ಖಲಾಸಿಗಳು, ಮಂಜಿ ನಡೆಸಿದವರು ಈಗ ಇಳಿವಯಸ್ಸಿನವರು. ಕಡತ ಇನ್ನೊಂದು ವರ್ಷ ಕಾದೀತು, ಅವರು ಕಾಯಲಾರರು. ಅವರ ಮಾತುಗಳನ್ನು ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ, ಅವರವರ ಮನೆಮಾತಿನಲ್ಲೇ ಧ್ವನಿಮುದ್ರಿಸಬೇಕು. ಮನೆಗಳಲ್ಲಿರುವ ಟಿಕೆಟು, ಪತ್ರ, ಛಾಯಾಚಿತ್ರಗಳ ಪ್ರತಿ ತೆಗೆದು ಮೂಲವನ್ನು ಮಾಲೀಕರಿಗೇ ಮರಳಿಸಬೇಕು. ಹೀಗೆ ಕೂಡಿಬಂದ ಸಾಮಗ್ರಿಯನ್ನು ಶುಲ್ಕವಿಲ್ಲದೆ ಅಂತರ್ಜಾಲದಲ್ಲಿ ತೆರೆದಿಡುವುದರೊಂದಿಗೆ, ಮಂಗಳೂರಿನ ಹಳೆಯ ಬಂದರು ಪ್ರದೇಶದಲ್ಲಿಯೂ ಕಾರವಾರದಲ್ಲಿಯೂ ಪ್ರದರ್ಶಿಸಬೇಕು.

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು, ಸಾಧ್ಯವಾಗದಿದ್ದಲ್ಲಿ ಅದರ ಕಾರಣವನ್ನು, ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಕರಾವಳಿ ಬಂದರು ಪಟ್ಟಣಗಳ ನಾಗರಿಕರ ಪರವಾಗಿ,
ಅರ್ಜಿದಾರರು