ಮೂರನೆಯ ದಾಳಿಗಾರ



ಪ್ರೊ ಕಬಡ್ಡಿ 2014ರಲ್ಲಿ ಆರಂಭವಾದಂದಿನಿಂದ, ಪಂದ್ಯಾವಳಿ ನಡೆಯುವ ತಿಂಗಳುಗಳಲ್ಲಿ ನಮ್ಮ ಮನೆಯ ಟಿ.ವಿ. ನನ್ನ ವಶದಲ್ಲಿರುತ್ತದೆ. ನನ್ನ ಶ್ರೀಮತಿಯವರ ಧಾರಾವಾಹಿಗಳಿಗೆ ಆಗ ಗ್ರಹಣ. ಆದರೆ ಪಂದ್ಯ ಮುಗಿದೊಡನೆ ತೋರಿಸುವ ಅಂಕಪಟ್ಟಿಯ ಬಗ್ಗೆ ನನಗೊಂದು ತಕರಾರಿದೆ. ಮೊದಲ ದಾಳಿಗಾರನ ಹೆಸರಿನ ಮುಂದೆ ಹದಿನೈದು ಅಂಕ, ಮೂರನೆಯವನ ಮುಂದೆ ಎರಡು. ಕಂಡವರೆಲ್ಲ "ಇವನನ್ನೇಕೆ ಇಟ್ಟುಕೊಂಡಿದ್ದಾರೆ?" ಎನ್ನುತ್ತಾರೆ. ಎರಡನೆಯ, ಮೂರನೆಯ ದಾಳಿಗಾರರನ್ನು ಅಳೆಯಲು ಈ ಅಳತೆಗೋಲು ಸಾಲದೆಂಬುದು ನನ್ನ ಅಭಿಪ್ರಾಯ.

ಕಬಡ್ಡಿಯಲ್ಲಿ ಸಿಕ್ಕಿಬಿದ್ದವನು ಹೊರಗೆ ಕುಳಿತುಕೊಳ್ಳಬೇಕು. ತನ್ನ ತಂಡದವರು ಎದುರಾಳಿಯೊಬ್ಬನನ್ನು ಮುಟ್ಟಿಯೋ ಹಿಡಿದೋ ಔಟ್ ಮಾಡಿದಾಗಲೇ ಅವನಿಗೆ ಮರಳಿ ಜೀವ. ಬೋನಸ್ ಅಂಕದಿಂದ ಜೀವ ಬರುವುದಿಲ್ಲ. ಮುಂಚೂಣಿಯ ದಾಳಿಗಾರ ಹೀಗೆ ಹೊರಗೆ ಕುಳಿತ ಆ ನಾಲ್ಕೈದು ನಿಮಿಷಗಳಲ್ಲಿ ದಾಳಿಗೆ ಹೋಗುವವರು ಯಾರು? ಅಂಕವಿಲ್ಲದಿದ್ದರೂ ಸಿಕ್ಕಿಬೀಳದೆ ಹಿಂದಿರುಗುವವರು ಯಾರು? ಎರಡು ದಾಳಿಗಳು ಬರಿದಾದ ಮೇಲೆ, ಅಂಕ ತಾರದಿದ್ದರೆ ಔಟಾಗಲೇಬೇಕಾದ 'ಮಾಡು ಇಲ್ಲವೇ ಮಡಿ' ದಾಳಿಯ ಭಾರ ಬಹುತೇಕ ಇಂಥವರ ಹೆಗಲಿಗೇ ಬೀಳುತ್ತದೆ. ಅಂತಹ ದಾಳಿಯಲ್ಲಿ ಒಬ್ಬನನ್ನು ಮುಟ್ಟಿ ಬಂದರೆ ಪಟ್ಟಿಯಲ್ಲಿ ಬರೆಯುವುದು ಒಂದೇ ಅಂಕ. ಅದರ ಬೆನ್ನಿಗೆ ನಾಯಕನೇ ಎದ್ದು ಅಂಕಣಕ್ಕೆ ಬಂದದ್ದನ್ನು ಯಾರೂ ಬರೆಯುವುದಿಲ್ಲ.

"ಸಾಮರ್ಥ್ಯವಿದ್ದರೆ ಅವನೇ ಮೊದಲನೆಯವನಾಗುತ್ತಿದ್ದನಲ್ಲ ಭಾವ?" ಎಂದು ನನ್ನ ಭಾವಮೈದುನ ವಾದಿಸುತ್ತಾನೆ. ಇದಕ್ಕೆ ಪವನ್ ಸೆಹ್ರಾವತ್ ಉತ್ತರ. 2017ರಲ್ಲಿ ಗುಜರಾತ್ ತಂಡದಲ್ಲಿ ಆತ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತವನು. ಮರುವರ್ಷ ಬುಲ್ಸ್‌ಗೆ ಮರಳಿದಾಗ ಆ ಒಂದೇ ಆವೃತ್ತಿಯಲ್ಲಿ ದಾಳಿಯಿಂದ 271 ಅಂಕ ಗಳಿಸಿದ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತಿನ ವಿರುದ್ಧ 22 ಅಂಕ ತಂದ. ಬುಲ್ಸ್ 38–33ರಿಂದ ಗೆದ್ದಿತು. ಮುಂದೆ 2022ರ ಅಕ್ಟೋಬರಿನಲ್ಲಿ, ಎರಡು ಕೋಟಿಗೂ ಮೀರಿದ ಬೆಲೆಗೆ ತಮಿಳ್ ತಲೈವಾಸ್ ಸೇರಿದ್ದ ಅದೇ ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ತಂಡ ಮುಗಿಯಿತೆಂದೇ ನಾನೂ ಭಾವಿಸಿದ್ದೆ. ನರೇಂದರ್ ಎಂಬ ಹೊಸ ಹುಡುಗ ಇನ್ನೂರಕ್ಕೂ ಹೆಚ್ಚು ಅಂಕ ತಂದು, ತಂಡ ಮೊದಲ ಬಾರಿಗೆ ಸೆಮಿಫೈನಲ್ ಕಂಡಿತು.

ಇಷ್ಟೆಲ್ಲ ಹೇಳುವ ನಾನು 1996ರಲ್ಲಿ ಮಾಡಿದ್ದೇನೆಂಬುದನ್ನೂ ಹೇಳಬೇಕು. ಆಗ ನಾನು ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಿದ್ದೆ. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ಕಬಡ್ಡಿ ತಂಡದ ಹೊಣೆ ನನ್ನದಾಗಿತ್ತು. ಗಣಿತದ ಮೇಷ್ಟರಲ್ಲವೇ, ತಾಲ್ಲೂಕು ಮಟ್ಟದ ಪಂದ್ಯಗಳ ದಾಳಿಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆ. ಒಬ್ಬ ಸಣಕಲು ಹುಡುಗ 21 ದಾಳಿಗಳಲ್ಲಿ ತಂದದ್ದು 3 ಅಂಕ. ಜಿಲ್ಲಾ ಮಟ್ಟಕ್ಕೆ ಹನ್ನೆರಡು ಹೆಸರು ಬರೆಯುವಾಗ ಅವನನ್ನು ಕೈಬಿಟ್ಟು, ಎತ್ತರದ ಇನ್ನೊಬ್ಬನನ್ನು ಸೇರಿಸಿದೆ. 21 ಸಲ ಹೋದವನು ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅದಕ್ಕೆ ನನ್ನ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಚಿತ್ರದುರ್ಗದಲ್ಲಿ ಹಿರಿಯೂರಿನವರನ್ನು ಸೋಲಿಸಿದೆವು. ಹೊಸದುರ್ಗದವರ ಎದುರು ನಮ್ಮ ಮುಂಚೂಣಿಯ ಹುಡುಗ ಎರಡನೆಯ ಅವಧಿಯಲ್ಲಿ ಸಿಕ್ಕಿಬಿದ್ದ. ಎತ್ತರದವನು ತೊಡೆ ತಟ್ಟಿಕೊಂಡು ಒಳನುಗ್ಗಿ ಅಲ್ಲೇ ಉಳಿದ. (ತೊಡೆ ತಟ್ಟುವುದಕ್ಕೆ ಅಂಕವಿದ್ದಿದ್ದರೆ ಅಂದು ನಾವೇ ಗೆಲ್ಲುತ್ತಿದ್ದೆವು.) ಹೀಗೆಯೇ ಒಬ್ಬೊಬ್ಬರಾಗಿ ಏಳೂ ಮಂದಿ ಹೊರಬಿದ್ದು ಲೋನಾ ಆಯಿತು. ನಾನು ಕೈಬಿಟ್ಟವನು ತನ್ನ ಖರ್ಚಿನಲ್ಲೇ ಬಸ್ಸು ಹತ್ತಿ ಬಂದು, ನೀರಿನ ಬಿಂದಿಗೆ ಹಿಡಿದು ಗೆರೆಯಾಚೆ ನಿಂತಿದ್ದ. ಮರಳುವಾಗ ಬಸ್ಸಿನಲ್ಲಿ ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬುಲ್ಸ್ ಗೆದ್ದ ರಾತ್ರಿ ಅವನಿಂದ ದೂರವಾಣಿ ಕರೆ ಬಂದಿತ್ತು. "ಸಾರ್, ಮ್ಯಾಚ್ ನೋಡಿದ್ರಾ?" ಎಂದ. ನೋಡಿದೆನಪ್ಪಾ ಎಂದೆ. ಪವನನ ಬಗ್ಗೆ ಬಹಳ ಹೊತ್ತು ಮಾತನಾಡಿದೆವು. ಚಿತ್ರದುರ್ಗದ ಆ ದಿನದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಪುಟವನ್ನು ಅವನು ಓದುತ್ತಾನೆಂದು ಬಲ್ಲೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ.